ತಂತಿಯ ಹದ

ಮೇಜಿನ ಮೇಲೆ ಬಿಳಿ ಹಾಳೆ, ಹಾಳೆಯ ಮೇಲೆ ಗೇಣುದ್ದದ ಒಂದು ತಂತಿ. ದಪ್ಪ 125 ಮೈಕ್ರೋಮೀಟರ್, ಎಂದರೆ ಮಿಲಿಮೀಟರಿನ ಎಂಟನೇ ಒಂದು ಪಾಲು. ತಲೆಗೂದಲಿಗಿಂತ ತುಸು ದಪ್ಪ, ಹೊಲಿಗೆ ದಾರಕ್ಕಿಂತ ತೆಳು. ಬೆರಳ ನಡುವೆ ಬಗ್ಗಿಸಿ ಬಿಟ್ಟರೆ ಪುಟಿದು ಮತ್ತೆ ನೆಟ್ಟಗಾಗುತ್ತದೆ. ಗಂಟು ಹಾಕಿ ಬಿಗಿದರೂ ಮುರಿಯುವುದಿಲ್ಲ. ಒಳಗಿರುವುದು ಮುಖ್ಯವಾಗಿ ಕೋಬಾಲ್ಟ್. ಜೊತೆಗೆ ಚಿಟಿಕೆಯಷ್ಟು ಕಬ್ಬಿಣ, ಸಿಲಿಕಾನ್, ಬೋರಾನ್. ಇದೇ ತಂತಿಯ ಇನ್ನೊಂದು ತುಂಡನ್ನು 600 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆದು, ತಣಿದ ಮೇಲೆ ಹಾಗೆಯೇ ಬಗ್ಗಿಸಲು ಹೋಗಿ. ಒಣಗಿದ ಹಂಚಿಕಡ್ಡಿಯ ಹಾಗೆ ಚಟ್ಟೆಂದು ಮುರಿಯುತ್ತದೆ. ಕಣ್ಣಿಗೆ ಎರಡೂ ಒಂದೇ, ತೂಕವೂ ಒಂದೇ. ಒಳಗಿನ ಅಣುಗಳು ಕೂತ ರೀತಿ ಮಾತ್ರ ಬೇರೆ.

ಕಾಸದ ತಂತಿಗೂ ಕಾಸಿ ಕೆಟ್ಟ ತಂತಿಗೂ ನಡುವೆ ಎಲ್ಲೋ ಒಂದು ಹದವಿದೆ. ಆ ಹದ ಸಿಕ್ಕಿದ ತಂತಿ ಪಿಕೊಟೆಸ್ಲಾ ಮಟ್ಟದ ಕಾಂತಕ್ಷೇತ್ರವನ್ನು ಗುರುತಿಸುತ್ತದೆ. ನಮ್ಮ ಸುತ್ತ ಸದಾ ಇರುವ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ; ಒಂದು ಪಿಕೊಟೆಸ್ಲಾ ಎಂದರೆ ಅದರ ನಾಲ್ಕು ಕೋಟಿಯಲ್ಲೊಂದು ಪಾಲು. ಮನುಷ್ಯನ ಹೃದಯ ಬಡಿಯುವಾಗ ಎದೆಯ ಹೊರಗೆ ಹುಟ್ಟುವ ಕ್ಷೇತ್ರ ಹೆಚ್ಚೆಂದರೆ ನೂರು ಪಿಕೊಟೆಸ್ಲಾ ಆಸುಪಾಸು. ದ್ರವ ಹೀಲಿಯಂನಲ್ಲಿ ಮುಳುಗಿಸಿಟ್ಟ ಸ್ಕ್ವಿಡ್ ಎಂಬ ಕಾಂತಮಾಪಕಗಳು ಮಾತ್ರ ಮಾಡುತ್ತಿದ್ದ ಕೆಲಸದ ಒಂದು ಭಾಗವನ್ನು ಕೋಣೆಯ ಬಿಸಿಯಲ್ಲೇ, ಒಂದು ತುಂಡು ತಂತಿಯಿಂದ ಮಾಡಿಸಬಹುದು ಎಂಬ ಆಸೆ ಮೂವತ್ತು ವರ್ಷಗಳಿಂದ ಒಂದಿಡೀ ಸಂಶೋಧನಾ ಕ್ಷೇತ್ರವನ್ನು ನಡೆಸಿಕೊಂಡು ಬಂದಿದೆ. ಅಲ್ಲಿ ಪದೇ ಪದೇ ಎದುರಾಗುವ ಪ್ರಶ್ನೆ ಒಂದೇ: ತಂತಿಯನ್ನು ಎಷ್ಟು ಕಾಸಬೇಕು, ಹೇಗೆ ಕಾಸಬೇಕು, ಕಾಸಿದಾಗ ನಿಜಕ್ಕೂ ಏನಾಗುತ್ತದೆ?

ಲೋಹಶಾಸ್ತ್ರದವರು ಇದನ್ನು ಅನೀಲಿಂಗ್ ಎನ್ನುತ್ತಾರೆ. ನಮ್ಮ ಅಕ್ಕಸಾಲಿಗಳು ತಂತಿ ಎಳೆಯುವಾಗ ಮಧ್ಯೆ ಮಧ್ಯೆ ಕಾಸಿ ಮೆತ್ತಗೆ ಮಾಡಿಕೊಳ್ಳುವುದು ಇದನ್ನೇ. ಆದರೆ ಅಕ್ಕಸಾಲಿಯ ಚಿನ್ನ ಹರಳುಗಟ್ಟಿದ ಲೋಹ. ಕಾಸಿದಷ್ಟೂ ಅದರ ಹರಳುಗಳು ಹೊಸದಾಗಿ ಹುಟ್ಟಿ ಬೆಳೆದು ಲೋಹ ಮಿದುವಾಗುತ್ತದೆ. ನಮ್ಮ ತಂತಿಯಲ್ಲಿ ಹರಳೇ ಇಲ್ಲ, ಹುಟ್ಟಲೂ ಕೂಡದು.

ಹರಳಿಲ್ಲದ ಲೋಹ ಎಂಬುದು ಮೊದಲ ಕೇಳಿಕೆಗೆ ವಿಚಿತ್ರ ಎನಿಸಿದರೂ ಅಡುಗೆಮನೆಯಲ್ಲಿ ಪಾಕ ಹಿಡಿದವರಿಗೆ ಅಪರಿಚಿತವಲ್ಲ. ಸಕ್ಕರೆ ಪಾಕವನ್ನು ತನ್ನಷ್ಟಕ್ಕೆ ಆರಲು ಬಿಟ್ಟರೆ ಅಂಚಿನಲ್ಲಿ ಹರಳುಗಟ್ಟುತ್ತದೆ. ಅದೇ ಗಟ್ಟಿ ಪಾಕದ ಹನಿಯನ್ನು ತಣ್ಣೀರಿನ ತಟ್ಟೆಗೆ ಬಿಟ್ಟರೆ ಹರಳಾಗಲು ಪುರುಸೊತ್ತು ಸಿಗದೆ ಗಾಜಿನಂಥ ಉಂಡೆಯಾಗಿ ನಿಲ್ಲುತ್ತದೆ. ಕರಗಿದ ಲೋಹವನ್ನೂ ಹೀಗೆ ನಿಲ್ಲಿಸಬಹುದು ಎಂದು 1960ರಲ್ಲಿ ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಪೋಲ್ ಡುವೆ ಮತ್ತು ಅವರ ಜೊತೆಗಾರರು ಚಿನ್ನ-ಸಿಲಿಕಾನ್ ಮಿಶ್ರಲೋಹದಲ್ಲಿ ತೋರಿಸಿದರು. ಬೇಕಾದ ವೇಗ ಮಾತ್ರ ಭಯಂಕರ: ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಡಿಗ್ರಿ. ಅಷ್ಟು ಬೇಗ ಶಾಖ ಹೊರಹೋಗಬೇಕಾದರೆ ಲೋಹ ತೆಳ್ಳಗಿರಲೇಬೇಕು. ಹಾಗಾಗಿ ಮೊದಲು ಬಂದದ್ದು ತೆಳು ಚೂರು, ಆಮೇಲೆ ಪಟ್ಟಿ.

ತಂತಿ ಬಂದದ್ದು ಜಪಾನಿನಿಂದ, 1980ರ ದಶಕದ ಮೊದಲಲ್ಲಿ. ತಿರುಗುವ ಡ್ರಮ್ಮಿನ ಒಳಗೋಡೆಗೆ ನೀರು ಅಂಟಿಕೊಂಡು ತಾನೂ ತಿರುಗುತ್ತಿರುತ್ತದೆ. ಕ್ವಾರ್ಟ್ಸ್ ನಳಿಗೆಯ ಸೂಕ್ಷ್ಮ ತೂತಿನಿಂದ ಕರಗಿದ ಲೋಹದ ಎಳೆಯನ್ನು ಆ ನೀರಿಗೆ ಚಿಮ್ಮಿಸುತ್ತಾರೆ. ಎಳೆ ಹನಿಹನಿಯಾಗಿ ಒಡೆಯುವ ಮೊದಲೇ ಗಟ್ಟಿಯಾಗಿ ತಂತಿಯಾಗುತ್ತದೆ. ಇದನ್ನು ಮಾರುಕಟ್ಟೆಗೆ ತಂದ ಯುನಿಟಿಕಾ ಮೂಲದಲ್ಲಿ ನೂಲಿನ ಕಂಪನಿ ಎಂಬುದು ನನಗೆ ಇಷ್ಟವಾದ ವಿಷಯ. ಎಳೆಯ ಮರ್ಮ ನೂಲಿನವರಿಗಲ್ಲದೆ ಮತ್ತ್ಯಾರಿಗೆ ಗೊತ್ತಿರಬೇಕು? ಇನ್ನೊಂದು ದಾರಿ ಹಳೆಯದು. 1924ರಲ್ಲಿ ಟೇಲರ್ ಎಂಬುವರು ಗಾಜಿನ ಕೊಳವೆಯೊಳಗೆ ಲೋಹ ಕರಗಿಸಿ ಎರಡನ್ನೂ ಒಟ್ಟಿಗೆ ಎಳೆದರು. ಮುಂದೆ ಸೋವಿಯತ್ ಒಕ್ಕೂಟದಲ್ಲಿ ಉಲಿಟೊವ್‌ಸ್ಕಿ ಅದನ್ನು ಪಳಗಿಸಿದರು. ಈ ವಿಧಾನದ ತಂತಿಗೆ ಹುಟ್ಟಿನಿಂದಲೇ ಗಾಜಿನ ಅಂಗಿ. ಒಳಗಿನ ಲೋಹ ಕೆಲವೇ ಮೈಕ್ರೋಮೀಟರ್ ದಪ್ಪವಿರುವಷ್ಟು ತೆಳು ತಂತಿಯನ್ನೂ ಹೀಗೆ ಎಳೆಯಬಹುದು. ರುಮೇನಿಯಾದ ಯಾಶ್, ಮಾಲ್ಡೋವಾದ ಕಿಶಿನೌ, ಸ್ಪೇನಿನ ಮ್ಯಾಡ್ರಿಡ್ ಮತ್ತು ಸಾನ್ ಸೆಬಾಸ್ಟಿಯನ್ ಈ ಕುಲದ ಊರುಗಳು.

ಎರಡು ಬಗೆಯ ತಂತಿಗೂ ಸಮಾನವಾದದ್ದು ಹುಟ್ಟುವಾಗಿನ ಅವಸರ. ಹೊರಪದರ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ಆಮೇಲೆ ತಣಿದು ಕುಗ್ಗಲು ಹೋದರೆ ಹೊರಗಿನ ಗಟ್ಟಿ ತೊಗಟೆ ಬಿಡುವುದಿಲ್ಲ. ಹೀಗೆ ಒಳಗೂ ಹೊರಗೂ ಜಗ್ಗಾಟ ಹಾಗೇ ಉಳಿಯುತ್ತದೆ. ಗಾಜಿನ ಅಂಗಿಯಿದ್ದರೆ ಜಗ್ಗಾಟ ಇನ್ನೂ ಜೋರು, ಏಕೆಂದರೆ ಗಾಜೂ ಲೋಹವೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಕಾಂತೀಯ ಲೋಹ ತನ್ನ ಮೇಲಿನ ಎಳೆತವನ್ನು ಕಾಂತಗುಣದಲ್ಲೇ ತೋರಿಸುತ್ತದೆ. ಕಾಂತೀಕರಣ ಯಾವ ದಿಕ್ಕಿಗೆ ಸುಲಭವಾಗಿ ವಾಲುತ್ತದೆ ಎಂಬ ಒಲವನ್ನು ಭೌತಶಾಸ್ತ್ರದವರು ಅನೈಸೊಟ್ರಪಿ ಎನ್ನುತ್ತಾರೆ. ಹರಳಿಲ್ಲದ ಲೋಹದಲ್ಲಿ ಹರಳಿನ ದಿಕ್ಕು ಎಂಬುದೇ ಇಲ್ಲವಾದ್ದರಿಂದ ಈ ಒಲವನ್ನು ತೀರ್ಮಾನಿಸುವುದು ಬಹುಪಾಲು ಒಳಗಿನ ಎಳೆತ.

ಎಳೆತಕ್ಕೂ ಕಾಂತಕ್ಕೂ ನಂಟು ಎಷ್ಟು ಬಿಗಿ ಎಂಬುದನ್ನು ಮ್ಯಾಗ್ನೆಟೊಸ್ಟ್ರಿಕ್ಷನ್ ಹೇಳುತ್ತದೆ. ಕಬ್ಬಿಣ ಹೆಚ್ಚಿರುವ ತಂತಿಯನ್ನು ಕಾಂತಗೊಳಿಸಿದರೆ ಅದರ ಉದ್ದ ಹತ್ತು ಲಕ್ಷಕ್ಕೆ 30 ಪಾಲಿನಷ್ಟು ಹಿಗ್ಗುತ್ತದೆ. ಬರೀ ಕೋಬಾಲ್ಟ್ ಆದರೆ ಹತ್ತು ಲಕ್ಷಕ್ಕೆ ಮೂರೋ ನಾಲ್ಕೋ ಪಾಲು ಕುಗ್ಗುತ್ತದೆ. ಒಂದು ಹಿಗ್ಗು, ಒಂದು ಕುಗ್ಗು; ಹಾಗಾದರೆ ನಡುವೆ ಎಲ್ಲೋ ಸೊನ್ನೆ ಇರಲೇಬೇಕು. ಕೋಬಾಲ್ಟ್ 94 ಪಾಲಿಗೆ ಕಬ್ಬಿಣ 6 ಪಾಲು ಎಂಬ ಅಳತೆಯ ಹತ್ತಿರ ಅದು ಕೋಟಿಯಲ್ಲೊಂದು ಪಾಲಿಗೆ ಇಳಿಯುತ್ತದೆ, ಸ್ವಲ್ಪ ಕುಗ್ಗುವ ಕಡೆಗೇ ವಾಲಿಕೊಂಡು. ಸೂಕ್ಷ್ಮ ಸಂವೇದಕಗಳ ತಂತಿಯೆಲ್ಲ ಹೆಚ್ಚುಕಡಿಮೆ ಈ ಅಳತೆಯ ಸುತ್ತಲಿನದೇ. ಆ ಕೋಟಿಯಲ್ಲೊಂದು ಪಾಲು ಸಾಕು: ತಂತಿಯ ನಡುವಿನ ತಿರುಳು ಉದ್ದಕ್ಕೆ ಕಾಂತಗೊಂಡು, ಹೊರಪದರ ಬಳೆ ತೊಟ್ಟ ಹಾಗೆ ಸುತ್ತಲೂ ಕಾಂತಗೊಳ್ಳುತ್ತದೆ. ಪಕ್ಕಪಕ್ಕದ ಬಳೆಗಳು ಒಂದು ಎಡಕ್ಕೆ, ಒಂದು ಬಲಕ್ಕೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೆಣ್ಣುಗೆಣ್ಣಾಗಿ ಕಾಣುತ್ತದೆಂದು ಸಂಶೋಧಕರು ಇದಕ್ಕೆ ಬಿದಿರು ರಚನೆ ಎಂದೇ ಹೆಸರಿಟ್ಟಿದ್ದಾರೆ.

ಈ ಬಳೆಗಳೇ ನಮ್ಮ ಕಥೆಯ ನಾಯಕರು. ತಂತಿಯಲ್ಲಿ ಪರ್ಯಾಯ ವಿದ್ಯುತ್ ಹರಿಸಿದರೆ ಅದು ತಂತಿಯ ಸುತ್ತ ಬಳೆಯಾಕಾರದ ಕ್ಷೇತ್ರ ಹುಟ್ಟಿಸುತ್ತದೆ, ಬಳೆಗಳು ಅದಕ್ಕೆ ಸಲೀಸಾಗಿ ಸ್ಪಂದಿಸುತ್ತವೆ. ಹೆಚ್ಚು ಆವರ್ತನದ ವಿದ್ಯುತ್ತು ತಂತಿಯ ಒಳಕ್ಕೆ ಇಳಿಯದೆ ಹೊರಚರ್ಮದಲ್ಲೇ ಹರಿಯುತ್ತದೆ, ಮತ್ತು ಚರ್ಮದ ದಪ್ಪ ಬಳೆಗಳ ಸಲೀಸುತನದ ಮೇಲೆ, ಎಂದರೆ ಅವುಗಳ ಪರ್ಮಿಯಬಿಲಿಟಿಯ ಮೇಲೆ ನಿಂತಿದೆ. ಲೆಕ್ಕ ಹಾಕಿ ನೋಡೋಣ. ಈ ಲೋಹದ ರೋಧಕತೆ ಸೆಂಟಿಮೀಟರ್ ಲೆಕ್ಕದಲ್ಲಿ ಸುಮಾರು 130 ಮೈಕ್ರೊ ಓಮ್. ಒಂದು ಮೆಗಾಹರ್ಟ್ಸ್‌ನಲ್ಲಿ, ಸುತ್ತಳತೆಯ ದಿಕ್ಕಿನ ಪರ್ಮಿಯಬಿಲಿಟಿ 10,000 ಇದ್ದರೆ ವಿದ್ಯುತ್ತು ಹರಿಯುವ ಚರ್ಮದ ದಪ್ಪ ಕೇವಲ 6 ಮೈಕ್ರೋಮೀಟರ್. ಹೊರಗಿನಿಂದ ತಂತಿಯ ಉದ್ದಕ್ಕೆ ಒಂದು ಕ್ಷೇತ್ರ ಬಂದು ಬಳೆಗಳನ್ನು ವಾಲಿಸಿ ಆ ಸಂಖ್ಯೆಯನ್ನು 100ಕ್ಕೆ ಇಳಿಸಿತು ಎನ್ನಿ. ಚರ್ಮದ ದಪ್ಪ 57 ಮೈಕ್ರೋಮೀಟರಿಗೆ ಏರುತ್ತದೆ. 125 ಮೈಕ್ರೋಮೀಟರ್ ತಂತಿಗೆ ಅದು ಹೆಚ್ಚುಕಡಿಮೆ ಪೂರ್ತಿ ಮೈ. ಕಿರಿದಾದ ಓಣಿ ಹೆದ್ದಾರಿಯಾದ ಹಾಗೆ ವಿದ್ಯುತ್ತಿನ ತಡೆ ಕುಸಿಯುತ್ತದೆ. ಆ ಕುಸಿತವನ್ನು ಅಳೆದರೆ ಹೊರಗಿನ ಕ್ಷೇತ್ರವನ್ನು ಅಳೆದ ಹಾಗೆ.

ಹೆಚ್ಚು ಪರ್ಮಿಯಬಿಲಿಟಿಯ ತಂತಿಗಳಲ್ಲಿ ಇಂಥದ್ದೊಂದು ನಡೆಯುತ್ತದೆಂದು 1935ರಲ್ಲೇ ಹ್ಯಾರಿಸನ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು. ಆಮೇಲೆ ಸುಮಾರು ಅರವತ್ತು ವರ್ಷ ಅದು ಬದಿಗೇ ಬಿದ್ದಿತ್ತು. 1994ರಲ್ಲಿ ನಗೋಯಾದ ಪಾನಿನಾ ಮತ್ತು ಮೋಹ್ರಿ, ಅದೇ ವರ್ಷ ಅಮೆರಿಕದ ಬೀಚ್ ಮತ್ತು ಬರ್ಕೊವಿಟ್ಜ್ ಹರಳಿಲ್ಲದ ತಂತಿಯಲ್ಲಿ ಅದನ್ನು ಮತ್ತೆ ಎತ್ತಿದರು. ಆ ಹೊತ್ತಿಗೆ ಫರ್ಟ್ ಮತ್ತು ಗ್ರೂನ್‌ಬರ್ಗ್ 1988ರಲ್ಲಿ ಕಂಡುಕೊಂಡಿದ್ದ ದೈತ್ಯ ಕಾಂತರೋಧದ ಹೆಸರು ಎಲ್ಲರ ಬಾಯಲ್ಲಿತ್ತು. ಆದ್ದರಿಂದ ಇದಕ್ಕೂ ದೈತ್ಯ ಎಂಬ ವಿಶೇಷಣ ಅಂಟಿತು: ಜೈಂಟ್ ಮ್ಯಾಗ್ನೆಟೊ ಇಂಪಿಡೆನ್ಸ್, ಎಲ್ಲರ ಬಾಯಲ್ಲೂ ಜಿಎಂಐ. ಈ ದೈತ್ಯ ಎಂಬ ಪದ ಮುಂದೆ ಈ ಸಂಶೋಧನಾ ಕ್ಷೇತ್ರಕ್ಕೆ ಒಳ್ಳೆಯದಕ್ಕಿಂತ ಕೆಡುಕನ್ನೇ ಹೆಚ್ಚು ಮಾಡಿತು ಎಂದು ನನ್ನ ಅನಿಸಿಕೆ. ಯಾಕೆಂಬುದಕ್ಕೆ ಆಮೇಲೆ ಬರುತ್ತೇನೆ.

ಈಗ ಕಾಸುವ ವಿಷಯ. ಕೋಬಾಲ್ಟ್ ತಂತಿಗೆ ಎರಡು ಗಡಿಗಳಿವೆ. ಸುಮಾರು 350ರಿಂದ 400 ಡಿಗ್ರಿಯ ನಡುವೆ ಎಲ್ಲೋ ಕ್ಯೂರಿ ಬಿಂದು: ಅದನ್ನು ದಾಟಿದರೆ ತಂತಿ ಕಾಂತೀಯವಾಗಿ ಉಳಿಯುವುದಿಲ್ಲ, ತಣಿದಾಗ ಮತ್ತೆ ಆಗುತ್ತದೆ. 500 ಡಿಗ್ರಿಯ ಮೇಲೆ ಹರಳುಗಟ್ಟುವ ಗಡಿ. ಅದನ್ನು ದಾಟಿದರೆ ವಾಪಸು ಬರುವ ದಾರಿಯಿಲ್ಲ. ಈ ಗಡಿಗಳ ಒಳಗೆ ತಂತಿಯನ್ನು ಕೆಲವು ನಿಮಿಷದಿಂದ ಒಂದು ಗಂಟೆಯವರೆಗೆ ಬಿಸಿಯಲ್ಲಿಟ್ಟರೆ ಹುಟ್ಟಿನ ಅವಸರದಲ್ಲಿ ಎಲ್ಲೆಲ್ಲೋ ಸಿಕ್ಕಿಕೊಂಡಿದ್ದ ಅಣುಗಳು ಸ್ವಲ್ಪ ಸರಿದು ಕೂರುತ್ತವೆ, ಎಳೆತ ಸಡಿಲವಾಗುತ್ತದೆ. ಪಠ್ಯಪುಸ್ತಕ ಇಲ್ಲಿಗೆ ನಿಲ್ಲುತ್ತದೆ. ಎಳೆತ ಹೋದರೆ ತಂತಿ ಕಾಂತೀಯವಾಗಿ ಮೃದುವಾಗುತ್ತದೆ, ಸೂಕ್ಷ್ಮವಾಗುತ್ತದೆ ಎಂಬುದು ಅದರ ತೀರ್ಮಾನ.

ನಿಜದಲ್ಲಿ ಶಾಖ ಮಾಡುವ ಇನ್ನೊಂದು ಕೆಲಸವಿದೆ, ಅದೇ ಹೆಚ್ಚು ಮುಖ್ಯ. ಅಣುಗಳು ಸರಿದಾಡಲು ಬಿಡುವು ಸಿಕ್ಕಿದಾಗ, ಆ ಗಳಿಗೆಯಲ್ಲಿ ಸ್ಥಳೀಯವಾಗಿ ಕಾಂತೀಕರಣ ಯಾವ ಕಡೆಗಿದೆಯೋ ಆ ಕಡೆಗೆ ಕೋಬಾಲ್ಟ್-ಕಬ್ಬಿಣದ ಜೋಡಿಗಳು ಸಾಲುಗೂಡುತ್ತವೆ. ತಣಿದ ಮೇಲೂ ಆ ಸಾಲು ಹಾಗೇ ಉಳಿಯುತ್ತದೆ. ಕಾಸುವಾಗ ತಂತಿ ಯಾವ ದಿಕ್ಕಿಗೆ ಮುಖ ಮಾಡಿತ್ತೋ ಅದನ್ನು ಜನ್ಮಪೂರ್ತಿ ನೆನಪಿಡುತ್ತದೆ ಎಂದರೂ ಸರಿಯೇ. ಹಾಗಾಗಿ ಕ್ಯೂರಿ ಬಿಂದುವಿನ ಕೆಳಗೆ ಸುಮ್ಮನೆ ಕುಲುಮೆಯಲ್ಲಿಟ್ಟು ತೆಗೆದರೆ ಆ ಹೊತ್ತಿನ ಬಳೆಗಳ ಗೋಡೆಗಳೆಲ್ಲ ಇದ್ದಲ್ಲೇ ಬೇರೂರುತ್ತವೆ. ಎಳೆತ ಕಳೆಯಲು ಹೋಗಿ ಮರಗಟ್ಟಿಸಿದಂತಾಗುತ್ತದೆ. ಕ್ಯೂರಿ ಬಿಂದುವಿನ ಮೇಲೆ ಕಾಸಿದರೂ ತಣಿಯುವಾಗ ಆ ಬಿಂದುವನ್ನು ದಾಟಿಯೇ ಬರಬೇಕು, ಆಗ ಸುತ್ತ ಯಾವ ಕ್ಷೇತ್ರವಿತ್ತು, ಎಷ್ಟು ಬೇಗ ತಣಿಯಿತು ಎಂಬುದು ಲೆಕ್ಕಕ್ಕೆ ಬರುತ್ತದೆ.

ಗಾಜಿನ ಅಂಗಿಯ ತಂತಿಗಳು ಇದಕ್ಕಿಂತ ದೊಡ್ಡ ಆಟ ಆಡಿಸಿವೆ. ಕೋಬಾಲ್ಟ್ ಹೆಚ್ಚಿರುವ ಅಂಥ ತಂತಿಯನ್ನು ಮೃದುಗೊಳಿಸಲೆಂದು ಕುಲುಮೆಯಲ್ಲಿಟ್ಟ ಸ್ಪೇನಿನ ಸಂಶೋಧಕರಿಗೆ ಸಿಕ್ಕಿದ್ದು ಗಡುಸಾದ ತಂತಿ. ಕಾಸುವ ಮೊದಲು ಓರೆಯಾಗಿ ಹಬ್ಬಿದ್ದ ಕಾಂತೀಕರಣದ ರೇಖೆ ಕಾಸಿದ ಮೇಲೆ ಚೌಕಾಕಾರಕ್ಕೆ ತಿರುಗಿತ್ತು. ಕಾರಣ ಸ್ವಾರಸ್ಯಕರ. ಮ್ಯಾಗ್ನೆಟೊಸ್ಟ್ರಿಕ್ಷನ್ ಎಂಬುದು ಮಿಶ್ರಣದ ಅಳತೆಯಿಂದ ಮಾತ್ರ ತೀರ್ಮಾನವಾಗುವ ಸಂಖ್ಯೆಯಲ್ಲ, ಒಳಗಿನ ಎಳೆತ ಹೆಚ್ಚಾದಷ್ಟೂ ಅದು ಋಣದ ಕಡೆಗೆ ಜಾರುತ್ತದೆ. ಎಳೆತ ಕಳೆದೊಡನೆ, ಸೊನ್ನೆಯ ತುಸು ಕೆಳಗಿದ್ದದ್ದು ತುಸು ಮೇಲಕ್ಕೆ ಬರುತ್ತದೆ. ಚಿಹ್ನೆ ಬದಲಾಯಿತೆಂದರೆ ಒಲವೂ ಬದಲಾಯಿತು: ಬಳೆಗಳು ಮಾಯವಾಗಿ ತಂತಿಯಿಡೀ ಉದ್ದಕ್ಕೆ ಮುಖ ಮಾಡುತ್ತದೆ. ಸೊನ್ನೆಯ ಅಂಚಿನಲ್ಲಿ ನಿಂತವರಿಗೆ ಒಂದು ಹೆಜ್ಜೆಯೇ ಗಡಿ ದಾಟಿಸುತ್ತದೆ.

ಇದಕ್ಕೆ ಅವರೇ ಕಂಡುಕೊಂಡ ಮದ್ದು, ಕಾಸುವಾಗಲೇ ತಂತಿಯನ್ನು ಜಗ್ಗಿ ಹಿಡಿಯುವುದು. ತುದಿಗೆ ಒಂದು ತೂಕ ಕಟ್ಟಿ ಕುಲುಮೆಯಲ್ಲಿ ನೇತುಬಿಟ್ಟರೆ ಬಿಸಿಯಲ್ಲಿ ತಂತಿ ಅಣುವಿನ ಮಟ್ಟದಲ್ಲಿ ಸ್ವಲ್ಪ ಹರಿಯುತ್ತದೆ. ತಣಿದು ತೂಕ ಬಿಚ್ಚಿದಾಗ ಹರಿದ ಭಾಗಕ್ಕೂ ಹರಿಯದ ಭಾಗಕ್ಕೂ ನಡುವೆ ಹೊಸ ಜಗ್ಗಾಟ ಶುರುವಾಗಿ ಅಡ್ಡದ ಒಲವು ಮರಳಿ ಬರುತ್ತದೆ. ಎಷ್ಟು ತೂಕ, ಎಷ್ಟು ಬಿಸಿ ಎಂಬುದನ್ನು ಬದಲಿಸಿ ಒಲವಿನ ಪ್ರಮಾಣವನ್ನು ಬೇಕಾದಷ್ಟಕ್ಕೆ ತಂದು ನಿಲ್ಲಿಸಬಹುದು. ನಗೋಯಾದ ಗುಂಪು ಬೇರೆ ದಾರಿಯಿಂದ ಇದೇ ಉಪಾಯಕ್ಕೆ ಬಂದಿತ್ತು: 130 ಮೈಕ್ರೋಮೀಟರ್ ತಂತಿಯನ್ನು ಅಚ್ಚಿನಲ್ಲಿ 30ಕ್ಕೆ ಎಳೆದು, ಜಗ್ಗಿ ಹಿಡಿದು, 475 ಡಿಗ್ರಿಯಲ್ಲಿ ಎರಡೇ ನಿಮಿಷ ಕಾಸುವುದು. ಹರಳುಗಟ್ಟುವ ಗಡಿಗೆ ಇಷ್ಟು ಸಮೀಪ ಹೋಗಿ ಇಷ್ಟು ಬೇಗ ಹಿಂತಿರುಗುವ ಧೈರ್ಯಕ್ಕೆ ಮೆಚ್ಚಬೇಕು. ಮುಂದೆ ಐಚಿ ಸ್ಟೀಲ್ ಕಂಪನಿ ತಯಾರಿಸಿ ಮೊಬೈಲ್ ಫೋನುಗಳ ದಿಕ್ಸೂಚಿಯೊಳಗೆ ಕೂರಿಸಿದ ಎಂಐ (ಮ್ಯಾಗ್ನೆಟೊ ಇಂಪಿಡೆನ್ಸ್) ಸಂವೇದಕ ಈ ವಂಶದ್ದು.

ತಿರುಚಿ ಕಾಸಿದವರೂ ಇದ್ದಾರೆ. ತಿರುಚಿದ ತಂತಿಯಲ್ಲಿ ಒಲವು ಹಂಬಿನ ಹಾಗೆ ಸುತ್ತಿಕೊಂಡು ಏರುತ್ತದೆ. ಕ್ಷೇತ್ರ ಈ ಕಡೆಯದೋ ಆ ಕಡೆಯದೋ ಎಂಬುದನ್ನು ತಂತಿ ತಾನೇ ಬೇರ್ಪಡಿಸಿ ಹೇಳಲು ಇದರಿಂದ ಅನುಕೂಲ. ಕೊರಿಯಾದಲ್ಲಿ ತಂತಿಯ ಬದಲು ಪಟ್ಟಿಯನ್ನು ತೆರೆದ ಗಾಳಿಯಲ್ಲಿ, ಸಣ್ಣ ಕ್ಷೇತ್ರದಲ್ಲಿಟ್ಟು ಕಾಸಿದಾಗ ಮೇಲ್ಮೈಯಲ್ಲಿ ಹರಳುಗಟ್ಟಿದ ತೆಳು ಪದರ ಹುಟ್ಟಿ, ಅದೇ ಒಳಗಿನ ಮೃದು ಭಾಗವನ್ನು ಒಂದು ಕಡೆಗೆ ವಾಲಿಸಿ ಹಿಡಿಯುವುದು ಕಂಡುಬಂತು. ಎಲ್ಲರೂ ನಿರ್ವಾತದಲ್ಲಿ, ಆರ್ಗಾನ್‌ನಲ್ಲಿ ಕಾಸಿ ತಪ್ಪಿಸಿಕೊಳ್ಳಲು ಹೆಣಗುತ್ತಿದ್ದ ಕೆಡುಕೇ ಅಲ್ಲಿ ಉಪಯೋಗಕ್ಕೆ ಬಂತು.

ಆದರೆ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಕುಲುಮೆಯೇ ಇಲ್ಲದ ವಿಧಾನ. ತಂತಿಯ ಎರಡು ತುದಿಗೆ ತಾಮ್ರದ ಕ್ಲಿಪ್ಪು ಹಾಕಿ ವಿದ್ಯುತ್ ಹರಿಸುವುದು, ತಂತಿ ತನ್ನ ರೋಧದಿಂದ ತಾನೇ ಕಾಯುವುದು. ಜೌಲ್ ಅನೀಲಿಂಗ್ ಎಂದು ಇದರ ಹೆಸರು. 125 ಮೈಕ್ರೋಮೀಟರ್ ತಂತಿಯ 10 ಸೆಂಟಿಮೀಟರಿಗೆ ಸುಮಾರು 10 ಓಮ್ ರೋಧ. ಅರ್ಧ ಆಂಪಿಯರ್ ಹರಿಸಿದರೆ ಎರಡೂವರೆ ವ್ಯಾಟ್ ಚಿಲ್ಲರೆ ಶಾಖ, ಹಳೆಯ ಟಾರ್ಚ್ ಬಲ್ಬಿನಷ್ಟು. ಅಷ್ಟಕ್ಕೇ ತಂತಿ 400 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ನೋಡುವವರಿಗೆ ಏನೂ ಕಾಣುವುದಿಲ್ಲ. ತಂತಿ ಬಿಸಿಯಲ್ಲಿ ಉದ್ದವಾಗಿ ಸ್ವಲ್ಪ ಜೋಲುತ್ತದೆ, ಅಷ್ಟೆ. ಕತ್ತಲಲ್ಲಿ ಮಂಕಾಗಿ ಕೆಂಪಗೆ ಕಂಡಿತು ಎಂದರೆ ಕೆಲಸ ಕೆಟ್ಟಿತು ಎಂದೇ ಅರ್ಥ. ಲೋಹ ಕಣ್ಣಿಗೆ ಕಾಣುವಷ್ಟು ಕೆಂಪಾಗುವ ಬಿಸಿಯೂ ಇದು ಹರಳುಗಟ್ಟುವ ಬಿಸಿಯೂ ಹೆಚ್ಚುಕಡಿಮೆ ಒಂದೇ ಕಡೆ ಇವೆ.

ಇದರ ಸೊಗಸು ಇರುವುದು ಇನ್ನೊಂದು ಕಡೆ. ಕಾಸುವ ವಿದ್ಯುತ್ತೇ ತಂತಿಯ ಸುತ್ತ ಬಳೆಯಾಕಾರದ ಕ್ಷೇತ್ರವನ್ನೂ ಹುಟ್ಟಿಸುತ್ತದೆ. ಅರ್ಧ ಆಂಪಿಯರಿಗೆ ತಂತಿಯ ಮೈಮೇಲೆ ಆ ಕ್ಷೇತ್ರ ಮೀಟರಿಗೆ ಸುಮಾರು 1,270 ಆಂಪಿಯರ್, ಭೂಮಿಯದ್ದರ 40 ಪಟ್ಟು. ಎಂದರೆ ಶಾಖ ಅಣುಗಳನ್ನು ಸಡಿಲಿಸುತ್ತಿರುವಾಗಲೇ ಅದೇ ವಿದ್ಯುತ್ತು ಅವುಗಳಿಗೆ ಬಳೆಯ ದಿಕ್ಕನ್ನು ಕಲಿಸುತ್ತಿರುತ್ತದೆ. ಒಂದೇ ಕೈಯಲ್ಲಿ ಕುಲುಮೆಯೂ ಅಚ್ಚೂ.

ಅಡ್ಡಿಯೂ ಅಲ್ಲೇ ಇದೆ. ತಂತಿಯ ನಟ್ಟನಡುವೆ ಆ ಕ್ಷೇತ್ರ ಸೊನ್ನೆ, ಹಾಗಾಗಿ ತಿರುಳು ಕಲಿಯದೆ ಉಳಿಯುತ್ತದೆ. ಕ್ಲಿಪ್ಪುಗಳು ಶಾಖವನ್ನು ಹೀರುವುದರಿಂದ ತುದಿಗಳು ಕಾಯುವುದೇ ಇಲ್ಲ. ನಡುವೆ ಹದ ಬಂದ ತಂತಿಯ ಎರಡು ಕಡೆಯೂ ಹಸಿ. ಬಿಸಿ ಎಷ್ಟೆಂದು ಅಳೆಯುವುದೂ ಕಷ್ಟ. ಥರ್ಮೋಕಪಲ್ ತಾಗಿಸಿದರೆ ಅದು ಸಾಮಾನ್ಯವಾಗಿ ತಂತಿಗಿಂತ ದಪ್ಪ, ತಾಗಿದಲ್ಲಿ ತಾನೇ ಶಾಖ ಹೀರಿಬಿಡುತ್ತದೆ. ರೋಧವನ್ನು ನೋಡಿ ಬಿಸಿ ತಿಳಿಯೋಣ ಎಂದರೆ ಹರಳಿಲ್ಲದ ಲೋಹದ ರೋಧ ಬಿಸಿಗೆ ಹೆಚ್ಚೇನೂ ಬದಲಾಗುವುದಿಲ್ಲ. ಹರಳುಗಟ್ಟಿದಾಗ ಮಾತ್ರ ಥಟ್ಟನೆ ಇಳಿಯುತ್ತದೆ, ಆದರೆ ಅದು ಸೀದ ವಾಸನೆ ಬಂದ ಮೇಲೆ ಒಲೆ ಆರಿಸಿದ ಹಾಗೆ. ಆದ್ದರಿಂದಲೇ ಪ್ರಬಂಧಗಳಲ್ಲಿ ಜೌಲ್ ವಿಧಾನದ ಹದವನ್ನು ಡಿಗ್ರಿಯಲ್ಲಿ ಬರೆಯದೆ ಮಿಲಿಆಂಪಿಯರ್ ಮತ್ತು ನಿಮಿಷಗಳಲ್ಲಿ ಬರೆಯುತ್ತಾರೆ. ಆ ಮಿಲಿಆಂಪಿಯರ್ ಕೊಟ್ಟ ಬಿಸಿ ಆ ಕೋಣೆಯ ಗಾಳಿಗೆ, ಆ ಕ್ಲಿಪ್ಪಿಗೆ, ಆ ತಂತಿಯ ದಪ್ಪಕ್ಕೆ ಸೇರಿದ್ದು. ಫ್ಯಾನ್ ಹಾಕಿದ ಕೋಣೆಗೂ ಹಾಕದ ಕೋಣೆಗೂ ಒಂದೇ ಪಾಕವಿಧಾನ ಒಪ್ಪುವುದಿಲ್ಲ. ಮೊದಲ ಬಾರಿ ಈ ಪ್ರಬಂಧಗಳನ್ನು ಓದಿ ಒಂದರ ಅಂಕಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ಕೋಷ್ಟಕ ಮಾಡಲು ಕೂತವನು ನಾನು. ಅರ್ಧ ದಿನದಲ್ಲಿ ಕೈಬಿಟ್ಟೆ.

ಚೀನಾದ ಹಾರ್ಬಿನ್‌ನ ಸಂಶೋಧಕರು ತಂತಿಯನ್ನು ದ್ರವ ಸಾರಜನಕದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದ್ದು ಈ ಇಕ್ಕಟ್ಟಿಗೆ ಒಂದು ಜಾಣ ಉತ್ತರ. ಸುತ್ತ ಕೊರೆಯುವ ಚಳಿ ಇರುವುದರಿಂದ ತಂತಿ ಹರಳುಗಟ್ಟದೆ ಹೆಚ್ಚು ವಿದ್ಯುತ್ತನ್ನು ತಾಳುತ್ತದೆ. ಹೆಚ್ಚು ವಿದ್ಯುತ್ ಎಂದರೆ ಹೆಚ್ಚು ಬಲದ ಬಳೆ ಕ್ಷೇತ್ರ.

ಕಬ್ಬಿಣದ ತಂತಿಯ ಮಾತನ್ನು ಬೇಗ ಮುಗಿಸುತ್ತೇನೆ. ಕೋಬಾಲ್ಟ್ ದುಬಾರಿ, ಅದರ ಗಣಿಗಾರಿಕೆಯ ಬಹುಪಾಲು ಕಾಂಗೋ ದೇಶದ ಮೇಲೆ ನಿಂತಿದೆ. ಹಾಗಾಗಿ ಕಬ್ಬಿಣವನ್ನೇ ಹದಕ್ಕೆ ತರುವ ಆಸೆ ಸಹಜ. ಜಪಾನಿನ ಹಿಟಾಚಿಯಲ್ಲಿ ಯೋಶಿಜಾವಾ ತಂಡ 1988ರಲ್ಲಿ ತೋರಿಸಿದಂತೆ, ತಾಮ್ರ ಮತ್ತು ನಿಯೋಬಿಯಂ ಬೆರೆಸಿದ ಕಬ್ಬಿಣದ ಮಿಶ್ರಲೋಹವನ್ನು 550 ಡಿಗ್ರಿ ಸುತ್ತಮುತ್ತ ಒಂದು ಗಂಟೆ ಕಾಸಿದರೆ ಸುಮಾರು 10 ನ್ಯಾನೋಮೀಟರಿನ ಹರಳುಗಳು ಹುಟ್ಟಿ ಅಲ್ಲಿಗೇ ನಿಲ್ಲುತ್ತವೆ, ಲೋಹ ಅತ್ಯಂತ ಮೃದು ಕಾಂತವಾಗುತ್ತದೆ. ಟ್ರಾನ್ಸ್‌ಫಾರ್ಮರ್ ತಿರುಳುಗಳಲ್ಲಿ ಇದು ಗೆದ್ದ ವಿಧಾನ. ತಂತಿಯಲ್ಲಿ ಮುಟ್ಟಿದರೆ ಮುರಿಯುವ ಕಾಟ ಬೆನ್ನು ಬಿಟ್ಟಿಲ್ಲ.

ಈಗ ಆ ‘ದೈತ್ಯ’ ಪದದ ಜಗಳಕ್ಕೆ ಬರೋಣ. ಈ ಕ್ಷೇತ್ರದ ಬಹುಪಾಲು ಬರಹ ಒಂದು ಸಂಖ್ಯೆಯ ಹಿಂದೆ ಓಡಿದೆ: ಕ್ಷೇತ್ರ ಬದಲಾದಾಗ ತಂತಿಯ ಇಂಪಿಡೆನ್ಸ್, ಎಂದರೆ ಪರ್ಯಾಯ ವಿದ್ಯುತ್ತಿಗೆ ಅದು ಒಡ್ಡುವ ತಡೆ, ಶೇಕಡಾ ಎಷ್ಟು ಬದಲಾಯಿತು? ಕಾಸದ ತಂತಿಯಲ್ಲಿ ಶೇ 200, ಜೌಲ್ ವಿಧಾನದಲ್ಲಿ ಕಾಸಿದ್ದಕ್ಕೆ ಶೇ 400, ನಮ್ಮದು ಶೇ 600 ಎಂಬ ಪೈಪೋಟಿ. ಶೇ 600 ದಾಟಿದ ವರದಿಗಳೂ ಇವೆ. ಶೇಕಡಾ ಎಂದರೆ ಯಾವುದಕ್ಕೆ ಹೋಲಿಸಿ ಎಂದು ಕೇಳಬೇಕಲ್ಲವೇ? ಸಾಮಾನ್ಯವಾಗಿ, ಪ್ರಯೋಗಶಾಲೆಯ ಸುರುಳಿ ಕೊಡಬಲ್ಲ ಅತಿ ಹೆಚ್ಚು ಕ್ಷೇತ್ರದಲ್ಲಿ ಅಳೆದ ಇಂಪಿಡೆನ್ಸಿಗೆ ಹೋಲಿಸಿ. ದೊಡ್ಡ ಸುರುಳಿ ಇದ್ದವರ ಶೇಕಡಾವೂ ದೊಡ್ಡದು. ಅದಿರಲಿ. ಒಂದು ಸಂವೇದಕ ಎಷ್ಟು ಚಿಕ್ಕ ಕ್ಷೇತ್ರವನ್ನು ಹಿಡಿಯಬಲ್ಲದು ಎಂಬುದನ್ನು ತೀರ್ಮಾನಿಸುವುದು ಅದು ಎಷ್ಟು ಜೋರಾಗಿ ಕೂಗುತ್ತದೆ ಎಂಬುದೊಂದೇ ಅಲ್ಲ. ಕ್ಷೇತ್ರವೇ ಇಲ್ಲದಾಗ ಅದು ಎಷ್ಟು ಸುಮ್ಮನಿರುತ್ತದೆ ಎಂಬುದೂ ಅಷ್ಟೇ ಮುಖ್ಯ.

ತಂತಿ ಸುಮ್ಮನಿರುವುದಿಲ್ಲ. ಬಳೆಗಳ ನಡುವಿನ ಗೋಡೆಗಳು ಎಲ್ಲೆಲ್ಲೋ ಸಿಕ್ಕಿಕೊಂಡು, ಬಿಡಿಸಿಕೊಂಡು ಜಿಗಿಯುತ್ತವೆ. ಬಾರ್ಕ್‌ಹೌಸೆನ್ ಗದ್ದಲ ಎಂದು ಅದಕ್ಕೆ ಹೆಸರು. ಒಲವು ಕಡಿಮೆಯಾದಷ್ಟೂ ತಂತಿ ಸೂಕ್ಷ್ಮವಾಗುತ್ತದೆ ನಿಜ, ಆದರೆ ಒಲವೇ ಇಲ್ಲದ ತಂತಿಯಲ್ಲಿ ಗೋಡೆಗಳಿಗೆ ಲಂಗುಲಗಾಮೂ ಇಲ್ಲ. ಫ್ರಾನ್ಸಿನ ಕಾನ್ ಮತ್ತು ಕೆನಡಾದ ಮಾಂಟ್ರಿಯಲ್ ಗುಂಪುಗಳು ಒಟ್ಟಾಗಿ ಮಾಡಿದ ಕೆಲಸ ನನ್ನ ಮಟ್ಟಿಗೆ ಈ ಇಡೀ ಸಾಹಿತ್ಯದ ತಿರುವು. ಅವರು ಶೇಕಡಾವನ್ನು ಬದಿಗಿಟ್ಟು ಗದ್ದಲವನ್ನೇ ಅಳೆಯಲು ಕೂತರು. ತಂತಿಯಲ್ಲಿ ಪರ್ಯಾಯ ವಿದ್ಯುತ್ತಿನ ಜೊತೆ ಒಂದಿಷ್ಟು ನೇರ ವಿದ್ಯುತ್ತನ್ನೂ ಹರಿಸಿದರೆ ಎಡಬಲದ ಬಳೆಗಳೆಲ್ಲ ಒಂದೇ ದಿಕ್ಕಿಗೆ ತಿರುಗುತ್ತವೆ, ಗೋಡೆಗಳೇ ಇಲ್ಲವಾಗುತ್ತವೆ. ಇದರಿಂದ ಆ ಹೆಸರಾಂತ ಶೇಕಡಾ ಇಳಿಯುತ್ತದೆ; ಗದ್ದಲ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಕೊನೆಗೆ ಲಾಭವೇ. ಹೆಚ್ಚಿನ ಆವರ್ತನಗಳಲ್ಲಿ ಉಳಿದ ಗದ್ದಲದ ಬಹುಪಾಲು ತಂತಿಯದ್ದಲ್ಲ, ಎಲೆಕ್ಟ್ರಾನಿಕ್ಸಿನದು ಎಂದೂ ಅವರು ತೋರಿಸಿದರು. ಕೆಳಗಿನ ಆವರ್ತನಗಳಲ್ಲಿ, ಸೆಕೆಂಡಿಗೊಂದು ಬಾರಿಯ ಹೃದಯದ ಬಡಿತ ಬೀಳುವ ಕಡೆಯಲ್ಲಿ, ತಂತಿಯದೇ ಗದ್ದಲ.

ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋದದ್ದು ಆರ್ಥೋಗೊನಲ್ ಫ್ಲಕ್ಸ್‌ಗೇಟ್ ಎಂಬ ಸೋದರ ಸಂವೇದಕ. ಅಲ್ಲಿ ತಂತಿಯ ಇಂಪಿಡೆನ್ಸನ್ನು ನೋಡುವುದಿಲ್ಲ. ತಂತಿಯ ಮೇಲೆ ಸುತ್ತಿದ ಸುರುಳಿಯಲ್ಲಿ ಹುಟ್ಟುವ ವೋಲ್ಟೇಜನ್ನು ನೋಡುತ್ತಾರೆ. 2002ರಲ್ಲಿ ಜಪಾನಿನ ಕ್ಯುಶು ವಿಶ್ವವಿದ್ಯಾಲಯದ ಸಸಾದಾ ಇದಕ್ಕೂ ನೇರ ವಿದ್ಯುತ್ತಿನ ಬೆಂಬಲ ಕೊಟ್ಟರು. ಆಗಿನಿಂದ ಗದ್ದಲ ಇಳಿಯುತ್ತಲೇ ಬಂದು, ಒಂದು ಹರ್ಟ್ಸ್ ಅಗಲಕ್ಕೆ ಒಂದು ಪಿಕೊಟೆಸ್ಲಾ ಎಂಬ ಗೆರೆಯ ಆಸುಪಾಸಿಗೆ ಮುಟ್ಟಿದೆ. ಇಲ್ಲಿ ತಂತಿ ಯಾವಾಗಲೂ ಸುತ್ತಳತೆಯ ದಿಕ್ಕಿಗೆ ತುಂಬಿ ನಿಂತಿರುತ್ತದೆ, ಗೋಡೆಗಳ ಜಿಗಿತ ಇಲ್ಲ. ಹಾಗಾದರೆ ಕಾಸುವುದರಿಂದ ಏನು ಲಾಭ? ಪ್ರಾಗ್‌ನ ಜೆಕ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಮತ್ತಿಯಾ ಬುಟ್ಟಾ ವರ್ಷಗಟ್ಟಲೆ ಹಿಡಿದು ಕೂತದ್ದು ಈ ಪ್ರಶ್ನೆಗೆ. ಒಲವಿನ ಪ್ರಮಾಣವನ್ನೂ ದಿಕ್ಕನ್ನೂ ಕಾಸಿ ಸರಿಪಡಿಸಿದರೆ ಗದ್ದಲ ಇನ್ನೂ ಇಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಲವು ಬಳೆಯ ದಿಕ್ಕಿನಿಂದ ತುಸು ಓರೆಯಾಗಿದ್ದರೂ ಕ್ಷೇತ್ರವೇ ಇಲ್ಲದಾಗ ಸಂವೇದಕ ಇದೆ ಎಂದು ಸುಳ್ಳು ಹೇಳುತ್ತದೆ. ಬಿಸಿಲೇರಿದಂತೆ ಆ ಸುಳ್ಳೂ ಬದಲಾಗುತ್ತದೆ. ಪ್ರಯೋಗಶಾಲೆಯಿಂದ ಹೊರಗೆ ಬಂದ ಸಂವೇದಕವನ್ನು ಕೆಡಿಸುವುದು ಇದೇ. ಶೇಕಡಾ ಪೈಪೋಟಿಯ ಪ್ರಬಂಧಗಳಲ್ಲಿ ಇದರ ಸುದ್ದಿಯೇ ಅಪರೂಪ.

ನಮ್ಮಲ್ಲಿ ಜಮ್ಶೆಡ್‌ಪುರದ ರಾಷ್ಟ್ರೀಯ ಲೋಹಶಾಸ್ತ್ರ ಪ್ರಯೋಗಾಲಯ ತಿರುಗುವ ನೀರಿನ ವಿಧಾನದಲ್ಲಿ ತಂತಿ ಮಾಡಿ, ಕಾಸಿ, ಉಕ್ಕಿನ ಭಾಗಗಳ ಸ್ಥಿತಿಯನ್ನು ಒಡೆಯದೆ ತಿಳಿಯುವ ಸಂವೇದಕಗಳಿಗೆ ಬಳಸಿದೆ. ಬೆಂಗಳೂರಿಗೂ ಈ ಲೋಕಕ್ಕೂ ಒಂದು ನಂಟಿದೆ, ಆದರೆ ಅದು ತಂತಿಯದ್ದಲ್ಲ. 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1ರ ಕಾಂತಮಾಪಕವನ್ನು ಮಾಡಿದ್ದು ಇಲ್ಲಿನ ಇಸ್ರೊ ಘಟಕ ಲಿಯೋಸ್. ಅದು ಫ್ಲಕ್ಸ್‌ಗೇಟ್ ಜಾತಿಯದು. ಗ್ರಹಗಳ ನಡುವಿನ ಬಯಲಲ್ಲಿ ಕೆಲವೇ ನ್ಯಾನೊಟೆಸ್ಲಾ ಕ್ಷೇತ್ರವನ್ನು ಅಳೆಯಬೇಕು. ನೌಕೆಯ ಸ್ವಂತ ಕ್ಷೇತ್ರದ ಗದ್ದಲದಿಂದ ದೂರವಿರಲೆಂದು ಆರು ಮೀಟರ್ ಉದ್ದದ ತೋಳಿನ ಮೇಲೆ ಮೂರು ಮೀಟರಿಗೆ ಒಂದು, ತುದಿಗೆ ಒಂದು ಎಂದು ಎರಡು ಸಂವೇದಕ ಕೂರಿಸಿದ್ದಾರೆ. ಆ ತೋಳು ಬಿಚ್ಚಿಕೊಂಡದ್ದು 2024ರ ಜನವರಿ 11ರಂದು. ಗದ್ದಲದ ಜೊತೆ ಬದುಕುವುದು ಹೇಗೆ ಎಂಬ ಪ್ರಶ್ನೆ ಅಲ್ಲೂ ಅದೇ. ಅವರು ದೂರ ಹೋಗಿ ಬಿಡಿಸಿಕೊಂಡರು. ತಂತಿಯವರಿಗೆ ತಮ್ಮ ಗದ್ದಲ ತಂತಿಯೊಳಗೇ ಇದೆ.

ಇನ್ನೊಂದು ವಿಷಯ, ಪ್ರಬಂಧಗಳಲ್ಲಿ ಒಂದೆರಡು ವಾಕ್ಯದಲ್ಲಿ ಮುಗಿದುಹೋಗುವಂಥದ್ದು. ಇಷ್ಟೆಲ್ಲ ಜತನದಿಂದ ಹದ ಮಾಡಿದ ತಂತಿಯನ್ನು ಕೊನೆಗೆ ಎಲ್ಲಿಗಾದರೂ ಕೂರಿಸಲೇಬೇಕು. ಗಾಜಿನ ಅಂಗಿಯಿದ್ದರೆ ತುದಿಯಲ್ಲಿ ಕೆರೆದು ತೆಗೆಯಬೇಕು, ತೆಗೆದೊಡನೆ ಅಲ್ಲಿನ ಎಳೆತ ಬದಲಾಗುತ್ತದೆ. ಕಾಸಿದ ತಂತಿಯ ಮೈಗೆ ಆಕ್ಸೈಡ್ ಕೂತಿದ್ದರೆ ಬೆಸುಗೆ ಹಿಡಿಯುವುದಿಲ್ಲ. ಹಿಡಿಸಲೆಂದು ಬೆಸುಗೆಯ ಕಡ್ಡಿಯನ್ನು ಇನ್ನಷ್ಟು ಹೊತ್ತು ಒತ್ತಿ ಹಿಡಿದರೆ ತುದಿಗೆ ಇನ್ನೊಂದು ಸುತ್ತು, ಲೆಕ್ಕವಿಲ್ಲದ ಅನೀಲಿಂಗ್. ಎರಡೂ ತಂತಿ-ತುದಿ ಒಂದೇ ಕಡೆ ಬರಲೆಂದು ಫ್ಲಕ್ಸ್‌ಗೇಟಿನವರು ತಂತಿಯನ್ನು ಹೇರ್‌ಪಿನ್ನಿನ ಹಾಗೆ ಮಡಿಸುತ್ತಾರೆ. ಮಡಿಕೆಯಲ್ಲಿ ಮತ್ತೆ ಎಳೆತ. ಆಮೇಲೆ ಅಂಟು. ಎಪಾಕ್ಸಿ ಒಣಗುವಾಗ ಕುಗ್ಗುತ್ತದೆ, ತಂತಿಯನ್ನೂ ಹಿಂಡುತ್ತದೆ, ಮಧ್ಯಾಹ್ನದ ಬಿಸಿಗೆ ಹಿಗ್ಗಿ ಸಂಜೆಗೆ ಮತ್ತೆ ಹಿಂಡುತ್ತದೆ. ಕಾಸಿ ಕಳೆದ ಎಳೆತ ಅಂಟಿನ ರೂಪದಲ್ಲಿ ವಾಪಸು ಬಂತು. ಹೀಗಾಗಬಾರದೆಂದು ಮಡಿಕೆಯ ಕಡೆಯನ್ನು ಎಲ್ಲಿಗೂ ಅಂಟಿಸದೆ, ಬೆಸುಗೆಯ ತುದಿಗಳನ್ನು ಮಾತ್ರ ಹಿಡಿದು, ತಂತಿಗಿಂತ ತುಸು ಅಗಲವಾದ ಕೊಳವೆಯೊಳಗೆ ಅದನ್ನು ಸಡಿಲವಾಗಿ ಮಲಗಿಸಿದರೆ, ಮೇಜಿಗೆ ಯಾರಾದರೂ ತಾಗಿದಾಗಲೆಲ್ಲ ತಂತಿ ಕೊಳವೆಯೊಳಗೆ ಅಲುಗುತ್ತದೆ, ಭೂಮಿಯ ಕ್ಷೇತ್ರದಲ್ಲಿ ಅದರ ಕೋನ ಎಳ್ಳಷ್ಟು ಬದಲಾಗುತ್ತದೆ, ಮತ್ತು ನಾಲ್ಕು ಕೋಟಿಯಲ್ಲೊಂದು ಪಾಲನ್ನು ಹುಡುಕುತ್ತಿರುವ ಯಂತ್ರದ ಪರದೆಯ ಮೇಲೆ ಆ ಎಳ್ಳು ಬೆಟ್ಟವಾಗಿ ಎದ್ದು ನಿಲ್ಲುತ್ತದೆ.